ಹಗೇವಿಗೆ ಇಳಿಬಿಟ್ಟ ದೀಪ

ಆ ದಿನವೂ ನನಗೆ ಎಚ್ಚರವಾದದ್ದು ಸೊಲ್ಲಾಪುರದ ಕಡೆಯಿಂದ ಬರುವ ಗಾಡಿಯ ಸೀಟಿಗೆ. ಇಬ್ರಾಹಿಂಪುರದ ನಮ್ಮ ಮನೆ ರೈಲು ಹಳಿಗೆ ಎಷ್ಟು ಹತ್ತಿರವೆಂದರೆ, ಗಾಡಿ ಹಾದುಹೋಗುವಾಗ ಅಡುಗೆಮನೆಯ ಗೂಟಕ್ಕೆ ಸಿಕ್ಕಿಸಿದ ಸೌಟುಗಳು ಒಂದಕ್ಕೊಂದು ತಾಗಿ ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುತ್ತವೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ನೀರು ಕಾಯಿಸುವ ಬಂಬಿಗೆ ಉರಿ ಹಚ್ಚಿದೆ. ಹಾಲು ಕಾಯಿಸಿ ಕೆನೆಯನ್ನು ಮಗಳು ಶೈಲಾಳ ಬಟ್ಟಲಿಗೆ ತೆಗೆದಿಟ್ಟೆ. ಒಲೆಯ ಮೇಲೆ ಜೋಳದ ನುಚ್ಚು ಕುದಿಯತೊಡಗಿತು. ಎಲ್ಲ ದಿನದ ಹಾಗೆಯೇ. ಆದರೆ ಆ ದಿನ ನಾನು ನೀರನ್ನು ಕೂಡ ಬಾಯಿಗೆ ಹಾಕುವಂತಿರಲಿಲ್ಲ. ಹೊತ್ತೇರಿದ ಮೇಲೆ ನನ್ನ ಅನ್ನನಾಳದ ಎಕ್ಸ್‌ರೇ ಇತ್ತು. ಮಿರಜಿನ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ಗಡ್ಡೆ ಸುಡುವ ಕಿರಣ, ಕೊಟ್ಟು ಕಳಿಸಿದ ಮೇಲೆ, ಆ ಜಡ್ಡು ಹೋಗಿದೆಯೋ ಮತ್ತೆ ತಲೆ ಎತ್ತಿದೆಯೋ ಎಂದು ಅದರಲ್ಲಿ ಕಾಣಲಿತ್ತು.

ಹಿತ್ತಲಿನ ಗೋಡೆಯ ಆಚೆಯಿಂದ ರೇಣುಕಾ ಇಣುಕಿದಳು. ರೈಲ್ವೆಯಲ್ಲಿ ಕೆಲಸ ಮಾಡುವವನ ಹೆಂಡತಿ, ಬಗಲಲ್ಲಿ ಎಳೆಗೂಸು. ಪಕ್ಕದ ಮನೆಗೆ ಬಂದು ಕೆಲವೇ ತಿಂಗಳಾಗಿದ್ದವು.

"ಅಕ್ಕಾರ, ಇಷ್ಟ್ ನಸಿಕಿಲೆ ಇಳಕಲ್ ಸೀರಿ ಉಟ್ಟೀರಿ? ಎಲ್ಲಿಗ್ರಿ?"

"ಪ್ಯಾಟಿಗೆ ವಾ. ಸ್ವಲ್ಪ ಕೆಲಸೈತಿ."

"ಹಂಗಾರ ಬರುಮುಂದ ನನ್ನ ಕೂಸಿಗೊಂದು ಗಿಲಕಿ ತರ್ರಿ. ಇವರಿಗೆ ಹೇಳಿ ಹೇಳಿ ನನ್ನ ಬಾಯಿ ಸವದೈತಿ."

ಆಕೆಗೆ ನನ್ನ ಕಾಯಿಲೆಯ ಸುದ್ದಿ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ. ಇಡೀ ಓಣಿ ನನ್ನನ್ನು ನೋಡಿದ ಕೂಡಲೇ ದನಿ ಇಳಿಸುತ್ತಿದ್ದಾಗ, ಗಿಲಕಿ ತರಲು ಹೇಳುವ ಒಬ್ಬಳಾದರೂ ಇದ್ದಾಳಲ್ಲ ಎಂದು ನನಗೆ ಸಮಾಧಾನವಾಗುತ್ತಿತ್ತು.

ನಮ್ಮ ಡಾಕ್ಟರರ ದವಾಖಾನೆಯ ಬೆಂಚು ಅದೇ ಹಳೆಯ ಬೆಂಚು. ಒಂದು ಕಾಲು ಗಿಡ್ಡ, ಕೂತವರು ಅಲುಗಿದರೆ ಉಳಿದವರೆಲ್ಲ ಸ್ವಲ್ಪ ತೂಗುತ್ತಾರೆ. ನನ್ನ ಒಂದು ಬದಿಗೆ ಯಜಮಾನರು, ಇನ್ನೊಂದು ಬದಿಗೆ ಅತ್ತೆ. ಯಜಮಾನರದು ರೈತರ ಕಾಳು ಮಾರಿಸಿಕೊಡುವ ಅಡತ ಅಂಗಡಿ. ಕೈ ಸುಮ್ಮನಿದ್ದರೆ ಅಂಗೈಯಲ್ಲಿ ಇಲ್ಲದ ಕಾಳನ್ನು ಹೊರಳಿಸುತ್ತ ಕೂರುವುದು ಅವರ ಅಭ್ಯಾಸ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಹಿಂದೊಮ್ಮೆ ಮೂವರೂ ಹೀಗೆಯೇ ಕೂತಿದ್ದೆವು.

ಅದು ಶುರುವಾದದ್ದು ಒಂದು ತುಣುಕು ರೊಟ್ಟಿಯಿಂದ. ಒಣರೊಟ್ಟಿಯ ಚೂರೊಂದು ಎದೆಯ ನಡುವೆ ಬಂದು ನಿಂತಿತು, ಬಾಗಿಲು ತಟ್ಟಲು ಸಂಕೋಚಪಡುವ ಅತಿಥಿಯ ಹಾಗೆ. ನೀರು ಕುಡಿದೆ, ಹೋಯಿತು. ಮರುವಾರ ಮತ್ತೆ ನಿಂತಿತು. ಆಮೇಲೆ ನಾನು ರೊಟ್ಟಿಯನ್ನು ಹಾಲಿನಲ್ಲಿ ನೆನೆಸತೊಡಗಿದೆ, ನಂತರ ಕಿವಿಚತೊಡಗಿದೆ. ಮನೆಯಲ್ಲಿ ಹೆಂಗಸರು ಕೊನೆಗೆ ಉಣ್ಣುವುದರಿಂದ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಅತ್ತೆಗೆ ಕಂಡದ್ದು ನನ್ನ ಕುಪ್ಪಸ. ತಮ್ಮ ಹಳ್ಳಿ ನಿಡೋಣಿಯಿಂದ ಬಂದ ಅವರು ನನ್ನ ತೋಳಿನ ಬಳಿ ಜೋತಾಡುತ್ತಿದ್ದ ಬಟ್ಟೆಯನ್ನು ಚಿವುಟಿ ಹಿಡಿದು, "ಯವ್ವಾ ಸುಶೀಲಾ, ಈ ಕುಪ್ಪಸದಾಗ ಇನ್ನೊಬ್ಬಾಕಿ ಹಿಡೀತಾಳಲ್ಲ ಬೇ! ಕಾಢಾ ಕುಡ್ಯಾಕತ್ತೀಯೋ ಇಲ್ಲೋ?" ಎಂದರು.

ಕಾಢಾದ ಬಗ್ಗೆ ಹೇಳಲೇಬೇಕು. ಅದು ನನ್ನ ಗಂಡನ ಮನೆತನದ ಪದ್ಧತಿ. ಬಬಲೇಶ್ವರದ ಆಚೆ ನಿಡೋಣಿಯಲ್ಲಿ ಅವರ ಹೊಲಮನೆ. ಅಲ್ಲಿ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ದೊಡ್ಡ ಕಣಜದಲ್ಲಿ, ಹಾಕಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಮಳೆಗಾಲದಲ್ಲಿ ಕರಿಮಣ್ಣಿನ ತೇವ ಒಳಗೆ ಜಿನುಗಿ, ಗೋಡೆಗೆ ಹತ್ತಿದ ಕಾಳು ಕಪ್ಪಾಗಿ, ಬೂಷ್ಟು ಹಿಡಿದು, ಹೆಪ್ಪುಗಟ್ಟಿ ಕೂರುತ್ತದೆ. ನಡುವಿನ ಬಿಳಿಜೋಳ ರೊಟ್ಟಿಗೆ. ಗೋಡೆಯ ಕರಿಜೋಳ ಕಾಢಾಕ್ಕೆ. ಅದು ನೆಲದ ಕಾವು ಕುಡಿದ ಕಾಳು, ಬಾಣಂತಿಯ ಮೈಗೆ ಕಾವು ಕೊಡುವುದು ಅದೇ ಎಂದು ಅತ್ತೆಯ ಅತ್ತೆ ಹೇಳಿಕೊಟ್ಟಿದ್ದರಂತೆ. ಆ ಕಾಳನ್ನು ನೆನೆಸಿ ಕುಟ್ಟಿ, ಬೆಲ್ಲ, ಶುಂಠಿ, ಹಿಪ್ಪಲಿ ಸೇರಿಸಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಹೊಟ್ಟಿನ ಗುಡ್ಡೆಯಲ್ಲಿ ಹೂಳುತ್ತಿದ್ದರು. ತಿಂಗಳ ಮೇಲೆ ತೆಗೆದು ಸೋಸಿದರೆ ಕೆಂಪು ನೀರು. ಬಿಸಿ ಮಾಡಿ ಒಂದು ಬಟ್ಟಲು ಕುಡಿದರೆ ಕಿವಿಯ ತುದಿಯವರೆಗೂ ಬೆಚ್ಚಗಾಗುತ್ತಿತ್ತು.

ಶೈಲಾ ಹುಟ್ಟಿದಾಗ ಮೊದಲ ಬಟ್ಟಲು ಮೂಗಿನ ಹತ್ತಿರ ಬಂದ ಕೂಡಲೇ ನನಗೆ ನಾನು ಓದಿದ ಕಾನ್ವೆಂಟಿನ ಪ್ರಾರ್ಥನಾ ಮಂದಿರ ನೆನಪಾಗಿತ್ತು. ಪೂಜೆ ಮುಗಿದ ಮೇಲೆ ಬೆಳ್ಳಿಯ ಪಾತ್ರೆ ತೊಳೆಯುವಾಗ ಬರುತ್ತಿದ್ದ ದ್ರಾಕ್ಷಾರಸದ ವಾಸನೆ ಅದು. ಎರಡೂ ಕಡೆ ಹಿರಿಯರು ಭಕ್ತಿಯಿಂದಲೇ ಕೊಡುತ್ತಿದ್ದರಲ್ಲ! ಬಾಣಂತನ ಮುಗಿದರೂ ಬಟ್ಟಲು ಮುಗಿಯಲಿಲ್ಲ. ರಕ್ತ ಕಡಿಮೆ ಎಂದು ದಿನಾ ಸಂಜೆ, ವರ್ಷ ವರ್ಷ. ರೊಟ್ಟಿ ಇಳಿಯದಾದಾಗ ಅತ್ತೆ ಒಂದರ ಜಾಗದಲ್ಲಿ ಎರಡು ಬಟ್ಟಲು ಮಾಡಿದರು. ಆಗ ನನ್ನ ಗಂಟಲಿನಿಂದ ಸಲೀಸಾಗಿ ಇಳಿಯುತ್ತಿದ್ದುದು ಅದೊಂದೇ.

ಮೊದಲ ಎಕ್ಸ್‌ರೇ ದಿನ ಡಾಕ್ಟರು ಮೊದಲೇ ಹಾಕಿಕೊಂಡಿದ್ದ ಕೆಂಪು ಕನ್ನಡಕವನ್ನು ಕತ್ತಲೆ ಕೋಣೆಯಲ್ಲಿ ತೆಗೆದು, ಸುಣ್ಣದ ತಿಳಿಯಂಥ ಬಿಳಿ ಔಷಧಿಯನ್ನು ನನಗೆ ಗುಟುಕು ಗುಟುಕಾಗಿ ಕುಡಿಸಿ ನೋಡಿದರು. ಹೊರಗೆ ಬಂದು ಒಂದೊಂದೇ ಕೇಳತೊಡಗಿದರು.

"ಬಾಯಾರ ತಂಬಾಕ ತಿಂತಾರೇನು?"

"ಇಲ್ರಿ," ಎಂದರು ಯಜಮಾನರು.

"ಕುಡಿಯೂದು ಏನಾರ?"

ಯಜಮಾನರ ಮುಖ ಕೆಂಪಾಯಿತು. "ಏನ್ ಕೇಳಾಕತ್ತೀರಿ ಸಾಹೇಬ್ರ? ಎಂಥಾ ಮನಿತನ ನಮ್ದು! ನಮ್ಮನ್ಯಾಗ ಗಂಡಸರೂ ಮುಟ್ಟೂದಿಲ್ಲ."

"ಕುಡ್ಯಾಕ ಏನೂ ಇಲ್ರೀಪಾ," ಎಂದು ಅತ್ತೆ ಬಹಳ ಹೆಮ್ಮೆಯಿಂದ ಸೇರಿಸಿದರು. "ನಮ್ಮ ಕಾಢಾ ಒಂದ್ ಬಿಟ್ರ. ಅದರ ಬಲದ ಮ್ಯಾಲ ಈ ಹುಡುಗಿ ಇನ್ನೂ ನಿಂತೈತಿ."

ಮರುದಿನ ಅವರು ತಾವಾಗಿಯೇ ಒಂದು ಬಾಟಲಿ ಕಾಢಾ, ಒಂದು ಹಿಡಿ ಕರಿಜೋಳ ತಂದರು. ಡಾಕ್ಟರಿಗೂ ಇಂಥ ಔಷಧಿ ಗೊತ್ತಿರಲಿ ಎಂಬ ಭಾವ. ಡಾಕ್ಟರು ಬಿರಡೆ ತೆಗೆದು ಮೂಸಿದರು. ಅವರ ಹುಬ್ಬು ಮೇಲೇರಿತು. ಮತ್ತೊಮ್ಮೆ ಮೂಸಿದರು.

"ಆಯಿ, ಇದು ಸೆರೆ."

"ಏ ಯಪ್ಪಾ! ಸೆರೆ ಕುಡಿಯೋರ ಮನಿ ಹೆಣ್ಣಲ್ಲ ನಾನು! ಇದು ಕಾಢಾ!"

"ಕಾಢಾ ಅನ್ರಿ, ತೀರ್ಥ ಅನ್ರಿ. ಇದು ಹುಳಿಯೊಡದ ಸೆರೆ. ಅದಕ್ಕಿಂತ ನನಗ ಈ ಕಾಳ ನೋಡಿ ಅಂಜಿಕಿ ಬರಾಕತ್ತೈತಿ." ಅವರು ಮುದ್ದೆಗಟ್ಟಿದ ಕರಿಕಾಳನ್ನು ಮುರಿದರು. ಒಳಗೆ ಹಸಿರು ಬೂದಿಯಂಥದು ಹಾರಿತು. "ಇಂಥ ಬೂಷ್ಟಿನಾಗ ವಿಷ ಇರತೈತಿ. ಕುದಿಸಿದ್ರೂ ಹೋಗೂದಿಲ್ಲ, ಸೆರೆ ಆದ್ರೂ ಹೋಗೂದಿಲ್ಲ. ಅದನ್ನ ಬಿಸಿ ಬಿಸಿ ದಿನಾ ಗಂಟಲಕ್ಕ ಹುಯ್ದ್ರ ಒಳಗ ಏನ್ ಉಳದೀತು? ಇದರಿಂದನ ಬಂತು ಅಂತ ನಾ ಆಣಿ ಮಾಡಿ ಹೇಳಲಾರೆ. ಆದ್ರ ಇವತ್ತಿಂದ ಒಂದ್ ಹನಿನೂ ಬ್ಯಾಡ."

ಯಜಮಾನರು ಆ ಕಾಳನ್ನು ಅಂಗೈಗೆ ತೆಗೆದುಕೊಂಡರು. ಅಂಗಡಿಯಲ್ಲಿ ಇಂಥ ಜೋಳದ ಚೀಲ ಬಂದರೆ ಅವರು ದೂರದಿಂದಲೇ ಮೂಸಿ ಗಾಡಿ ಹಿಂದಕ್ಕೆ ಹೊಡೆಸುತ್ತಿದ್ದರು. ಮನೆಯಲ್ಲಿ ಅದನ್ನು ಮೂಸಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ಅಲ್ಲಿ ಅದು ಕಾಳಾಗಿರಲಿಲ್ಲ, ಅವರ ಅವ್ವನ ಕೈಗುಣವಾಗಿತ್ತು.

ಅತ್ತೆ ಬಾಟಲಿಗೆ ಬಿರಡೆ ಒತ್ತಿ ಪಕ್ಕಕ್ಕಿಟ್ಟರು. ಆಮೇಲೆ ಎದ್ದು ಡಾಕ್ಟರ ಮುಂದೆ ಹೋಗಿ ಬಾಯಿ ತೆರೆದು ನಿಂತರು.

"ಇದೇನ್ರಿ ಆಯಿ?"

"ನನ್ನ ಗಂಟಲದಾಗೂ ನೋಡ್ರಿ. ಆಕೀಕಿಂತ ಮೂರು ಪಟ್ಟು ನಾ ಕುಡದೇನಿ. ನನಗ್ಯಾಕ ಏನೂ ಆಗಿಲ್ಲ? ಆಕೀಗ್ಯಾಕ ಆತು?"

ಡಾಕ್ಟರು ಬ್ಯಾಟರಿ ಹಚ್ಚಿ ನಿಜವಾಗಿಯೂ ನೋಡಿದರು. ಸಾವಕಾಶ ನೋಡಿದರು. "ನಿಮ್ದು ಚಲೋ ಐತ್ರಿ. ಯಾಕ ಆಕೀಗೆ ಅನ್ನೂದು ನನಗ ಗೊತ್ತಿಲ್ಲ," ಎಂದರು. ಒಬ್ಬ ಡಾಕ್ಟರು ಗೊತ್ತಿಲ್ಲ ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ವಿಚಿತ್ರವೆಂದರೆ ಅದರಿಂದ ನನಗೆ ಧೈರ್ಯ ಬಂತು. ಗೊತ್ತಿಲ್ಲದ್ದು ಕೆಟ್ಟದ್ದೇ ಆಗಬೇಕೆಂದಿಲ್ಲವಲ್ಲ.

ಮಿರಜಿಗೆ ಹೋಗುವ ಬಸ್ಸು ತಿಕೋಟಾದಲ್ಲಿ ನಿಂತಿತು. ಬುಟ್ಟಿಗಳಲ್ಲಿ ದ್ರಾಕ್ಷಿ ತಂದು ಕಿಟಕಿಗೆ ಎತ್ತಿ ಹಿಡಿಯುತ್ತಿದ್ದರು. ಯಜಮಾನರು ಒಂದು ಗೊಂಚಲು ತೆಗೆದುಕೊಂಡು, ದಾರಿಯುದ್ದಕ್ಕೂ ಒಂದೊಂದೇ ಹಣ್ಣಿನ ಸಿಪ್ಪೆಯನ್ನು ಉಗುರಿನಿಂದ ಸುಲಿದು, ಬೀಜ ತೆಗೆದು, ನನ್ನ ಅಂಗೈಯಲ್ಲಿಟ್ಟರು. ಚೀಲಗಟ್ಟಲೆ ಕಾಳನ್ನು ಕಣ್ಣಳತೆಯಲ್ಲಿ ತೂಗುವ ಮನುಷ್ಯ, ಗಾಜಿನ ಮಣಿಯಂಥ ದ್ರಾಕ್ಷಿಯ ಮೇಲೆ ಬಾಗಿ ಕೂತಿದ್ದರು. ಕುಲುಕಾಟಕ್ಕೆ ಎಷ್ಟೋ ಹಣ್ಣು ಕೈಜಾರಿ ಬಿದ್ದವು.

ಆ ಆಸ್ಪತ್ರೆಯಲ್ಲಿ ಕೊಳವೆಯ ತುದಿಗೆ ಪುಟ್ಟ ದೀಪ ಕಟ್ಟಿ ನನ್ನ ಗಂಟಲಿನೊಳಗೆ ಇಳಿಸಿದರು. ಮತ್ತಿನ ಔಷಧಿಯ ಮಬ್ಬಿನಲ್ಲಿ ನನಗೆ ಕಂಡದ್ದು ನಿಡೋಣಿಯ ಹಗೇವು. ಮದುವೆಯಾದ ವರ್ಷ ಅದನ್ನು ತೆರೆಯುವುದನ್ನು ನೋಡಿದ್ದೆ. ಕಲ್ಲು ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಮುಚ್ಚಿದ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ಸುತ್ತಲಿನವರೆಲ್ಲ ಉಸಿರು ಬಿಗಿಹಿಡಿದು ಬಾಗಿ ನೋಡುತ್ತಾರೆ. ದೀಪ ಆರಿದರೆ ಕಾಯಬೇಕು. ಆರದಿದ್ದರೆ ಇಳಿಯಬಹುದು. ಈಗ ನಾನೇ ಹಗೇವು. ಇಬ್ಬರು ಡಾಕ್ಟರರು ನನ್ನ ಮೇಲೆ ಬಾಗಿದ್ದರು. ಆರಬೇಡ, ಆರಬೇಡ ಎಂದು ನಾನು ಆ ದೀಪಕ್ಕೆ ಹೇಳಿಕೊಳ್ಳುತ್ತಿದ್ದೆ.

ಅವರು ತಮ್ಮತಮ್ಮೊಳಗೆ ಇಂಗ್ಲಿಷಿನಲ್ಲಿ ಮಾತಾಡಿದರು. ತಲೆತುಂಬ ಸೆರಗು ಹೊದ್ದ ವಿಜಾಪುರದ ಹೆಂಗಸಿಗೆ ಏನು ತಿಳಿದೀತು ಎಂದುಕೊಂಡಿರಬೇಕು. ನನ್ನ ಕಿವಿಗೆ ಬಿದ್ದದ್ದು 'ಗ್ರೋತ್' ಎಂಬ ಮಾತು. ಕಾನ್ವೆಂಟಿನಲ್ಲಿ ಸಿಸ್ಟರ್ ಆ ಪದವನ್ನು ಕಲಿಸಿದ್ದು ಒದ್ದೆ ಹತ್ತಿಯ ಮೇಲೆ ಅವರೆಕಾಳು ಇಟ್ಟು. ದಿನಾ ಬೆಳಿಗ್ಗೆ ನಾವು ಓಡಿಹೋಗಿ ಮೊಳಕೆ ಎಷ್ಟು ಬಂದಿದೆ ಎಂದು ನೋಡುತ್ತಿದ್ದೆವು, ಚಪ್ಪಾಳೆ ತಟ್ಟುತ್ತಿದ್ದೆವು. ಅದೇ ಪದ ಇಲ್ಲಿ ಗಡ್ಡೆಯ ಹೆಸರಾಗಿ ಸಿಕ್ಕಿತು.

ಯಜಮಾನರು ಕಾಗದ ಹಿಡಿದು ಹೊರಗೆ ಬಂದರು. "ಸಣ್ಣ ಹುಣ್ಣಂತ. ಕರೆಂಟ್ ಕೊಟ್ರ ಹೋಗತೈತಂತ," ಎಂದರು. ಹೇಳುವಾಗ ಕಂಬದ ಕಡೆ ನೋಡಿದರು. "ಹೌದೇನ್ರಿ, ಚಲೋ ಆತು," ಎಂದೆ. ಆ ಸುಳ್ಳು ಅವರು ಅಷ್ಟು ಕಷ್ಟಪಟ್ಟು ನನಗಾಗಿ ಕಟ್ಟಿದ ಗೋಡೆ. ಅದನ್ನು ಬೀಳಿಸಲು ಮನಸ್ಸಾಗಲಿಲ್ಲ. ಅದರ ನೆರಳಿನಲ್ಲಿ ಇಬ್ಬರೂ ಬಹಳ ದಿನ ಕೂತೆವು.

ಕರೆಂಟ್ ಕೊಡುವ ಕೋಣೆಯ ವಿಷಯ ಬರೆಯಲು ನನಗೆ ಇಂದಿಗೂ ಮಾತು ಸಾಲದು. ಎದೆಯ ಮೇಲೆ ನೇರಳೆ ಮಸಿಯಿಂದ ಗೆರೆ ಎಳೆದಿದ್ದರು, ಅಳಿಸದಂತೆ ಸ್ನಾನ ಮಾಡಬೇಕು. ಹಲಗೆಯ ಮೇಲೆ ಮಲಗಿಸಿ ಎಲ್ಲರೂ ಹೊರಗೆ ಹೋಗುತ್ತಿದ್ದರು. ದಪ್ಪ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ತಲೆಯ ಮೇಲೆ ಆ ದೊಡ್ಡ ಯಂತ್ರ, ನಾನು, ಮತ್ತು ಒಂದು ಸಣ್ಣ ಗುಂಯ್ ಎನ್ನುವ ಸದ್ದು. ಬಿಸಿ ಇಲ್ಲ, ನೋವಿಲ್ಲ, ಕಣ್ಣಿಗೆ ಕಾಣುವ ಬೆಳಕೂ ಇಲ್ಲ. ಆದರೂ ಏನೋ ನನ್ನ ಮೂಳೆ ದಾಟಿ ಒಳಗೆ ಹೋಗುತ್ತಿದೆ, ಆ ಮೊಳಕೆಯನ್ನು ಹುಡುಕುತ್ತಿದೆ! ನನಗೆ ಭಯವಾಗುವ ಬದಲು ಮೈ ಜುಮ್ಮೆಂದಿತು. ಮುಟ್ಟದೆಯೇ ಮುಟ್ಟುವ ಇಂಥದೊಂದು ಈ ಲೋಕದಲ್ಲಿ ಇದೆಯಲ್ಲ, ಯಾರೋ ಮನುಷ್ಯರೇ ಅದನ್ನು ಹಿಡಿದು ಈ ಬೆರಳಗಲದ ಜಾಗಕ್ಕೆ ತಂದು ನಿಲ್ಲಿಸಿದ್ದಾರಲ್ಲ! ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆ, ಮನೆಯಲ್ಲಿ ಹೇಳುವ ಸ್ತೋತ್ರ ಎರಡೂ ಒಟ್ಟೊಟ್ಟಿಗೆ ಬಾಯಿಗೆ ಬಂದು ಯಾವುದೂ ಮುಗಿಯುತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯುತ್ತಿತ್ತು.

ಹೊರಗೆ ಸರದಿಗೆ ಕೂತವರಲ್ಲಿ ಜತ್ತಿನ ಕಡೆಯ ಒಬ್ಬ ಅಜ್ಜಿ ಇದ್ದಳು. ನನ್ನ ಗಂಟಲು ಸುಟ್ಟಂತಾಗಿ ಉಗುಳು ಕೂಡ ಇಳಿಯದ ದಿನಗಳಲ್ಲಿ, ಮಾತೇ ಆಡದೆ ತನ್ನ ತಂಬಿಗೆಯ ತಣ್ಣನೆಯ ತಳವನ್ನು ನನ್ನ ಕುತ್ತಿಗೆಗೆ ಒತ್ತಿ ಹಿಡಿಯುತ್ತಿದ್ದಳು. ಅವಳ ಹೆಸರು ಕೇಳುವುದು ಉಳಿದೇ ಹೋಯಿತು.

ಮನೆಗೆ ಬಂದಾಗ ನಾನು ನೀರು, ಹಾಲು, ಅಂಬಲಿಗೆ ಇಳಿದಿದ್ದೆ. ಮೊದಲ ದಿನ ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯಲು ಕೂತರು. ಕಲ್ಲಿನ ಮೇಲೆ ಆ ತಟ್‌ತಟ್ ಸದ್ದಿಗೆ ನನ್ನ ಬಾಯಲ್ಲಿ ನೀರೂರಿತು. ಮುಖ ಗೋಡೆಗೆ ಮಾಡಿ ಮಲಗಿದೆ. ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತು ನೋಡಿದರು. ಮರಳಿ ಹೋಗಿ ಹಿಟ್ಟನ್ನು ಡಬ್ಬಿಗೆ ಸುರಿದರು.

"ಈ ಮನ್ಯಾಗ ಇನ್ ರೊಟ್ಟಿ ಸಪ್ಪಳ ಆಗೂದು ಬ್ಯಾಡ," ಎಂದು ಮಗನಿಗೆ ಹೇಳುವುದು ಕೇಳಿಸಿತು. "ಆಕಿ ನುಂಗೂ ಮಟ ಎಲ್ಲಾರೂ ನುಚ್ಚ ಉಣ್ಣೂದು. ಬ್ಯಾರೆ ಮಾತಿಲ್ಲ."

ಹುಟ್ಟಿದಾಗಿನಿಂದ ರೊಟ್ಟಿ ಇಲ್ಲದೆ ಒಂದು ಹೊತ್ತು ಕಳೆಯದ ಹೆಂಗಸು. ಯಜಮಾನರೂ ನುಚ್ಚಿನ ತಾಟಿಗೆ ಕೂತರು. ಶೈಲಾ ಮಾತ್ರ ಸಾಲಿಯಲ್ಲಿ ಗೆಳತಿಯ ಡಬ್ಬಿಯ ರೊಟ್ಟಿ ತಿಂದು, ತುಟಿಗೆ ಶೇಂಗಾ ಚಟ್ನಿ ಮೆತ್ತಿಕೊಂಡು ಬಂದು, "ಏನೂ ತಿಂದಿಲ್ಲ ಆಯಿ," ಎನ್ನುತ್ತಿದ್ದಳು. ಅತ್ತೆ ಸೆರಗಿನಿಂದ ಅವಳ ತುಟಿ ಒರೆಸುತ್ತಿದ್ದರು.

ಕಾಢಾದ ಬಗ್ಗೆ ಅತ್ತೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆದರೆ ನಿಡೋಣಿಗೆ ಹೋಗಿ, ತಾವು ಗಡಿಗೆ ಕೊಟ್ಟ ಮನೆಗಳಿಗೆಲ್ಲ ತಾವೇ ಹೋಗಿ ಚೆಲ್ಲಿಸಿದರು ಎಂದು ಯಜಮಾನರು ಹೇಳಿದರು. ಕರಿಜೋಳವನ್ನು ಎತ್ತಿಗೂ ಹಾಕಗೊಡದೆ ಸುಡಿಸಿದರಂತೆ. ಒಬ್ಬಾಕೆ ನಕ್ಕಳಂತೆ: "ನಿನ್ನ ಸೊಸಿ ಇಂಗ್ಲೀಷ್ ಸಾಲಿ ಕಲತಾಕಿ. ಆಕೀ ಗಂಟಲಾನ ತೆಳ್ಳಂದು ಬೇ."

ಅತ್ತೆ ಹೇಳಿದರಂತೆ, "ಹೌದ್ ಬೇ, ತೆಳ್ಳಂದು. ನಿನ್ನ ಸೊಸೀದು ಎಷ್ಟ್ ದಪ್ಪ ಐತಿ ಅಂತ ನೀ ಒಳಗ ದೀಪ ಬಿಟ್ ನೋಡಿಯೇನು?"

ಗಡಿಗೆ ಚೆಲ್ಲಿದ ಮೇಲೇ ಆ ಮನೆಯಿಂದ ಎದ್ದರಂತೆ.

"ಸುಶೀಲಾಬಾಯಿ," ಎಂದು ಕಂಪೌಂಡರ್ ಕೂಗಿದಾಗ ನೆನಪು ಕಡಿಯಿತು. ಬೆಂಚು ತೂಗಿತು. ಒಳಗೆ ಮತ್ತೆ ಕತ್ತಲು, ಕೆಂಪು ಕನ್ನಡಕ, ಬಿಳಿ ಔಷಧಿ. ಗುಟುಕರಿಸಿದೆ. ಡಾಕ್ಟರು ಪರದೆಯ ಮೇಲೆ ಬಾಗಿದರು. ಮತ್ತೊಂದು ಗುಟುಕು. ಓರೆಯಾಗಿ ನಿಲ್ಲಿರಿ ಎಂದರು. ನಿಂತೆ. ಹೊರಗೆ ಬಂದು ಕಾದೆವು. ಯಜಮಾನರ ಅಂಗೈಯಲ್ಲಿ ಇಲ್ಲದ ಕಾಳು ಹೊರಳುತ್ತಲೇ ಇತ್ತು.

ಡಾಕ್ಟರು ಒದ್ದೆ ಫಿಲ್ಮನ್ನು ಕಿಟಕಿಗೆ ಹಿಡಿದು ನಮ್ಮನ್ನು ಕರೆದರು. ಹಿಂದಿನ ಚಿತ್ರದಲ್ಲಿ ಬಿಳಿಯ ಧಾರೆ ಒಂದು ಕಡೆ ಇಲಿ ಕಡಿದಂತಾಗಿ ದಾರದಷ್ಟು ಸಣ್ಣಗಾಗಿತ್ತು. ಈಗ ಅದು ಒಂದೆಡೆ ತುಸು ಬಿಗಿದು, ಆಮೇಲೆ ತುಂಬಿಕೊಂಡು ಕೆಳಗಿಳಿದಿತ್ತು. ನನ್ನೊಳಗಿನ ಕತ್ತಲೆಯಲ್ಲಿ ಇಷ್ಟು ಚೆಂದದ ದಾರಿ ಇದೆಯೇ ಎಂದು ನಾನು ನೋಡುತ್ತಲೇ ನಿಂತೆ.

"ಈಗ ಏನೂ ಕಾಣೂದಿಲ್ಲ," ಎಂದರು ಡಾಕ್ಟರು. "ಮುಂದ ನೋಡ್ಕೋತ ಇರೂಣು. ಆಗಾಗ ಬರಬೇಕು. ಆದ್ರ ಬಾಯಾರ, ಇವತ್ತ ರೊಟ್ಟಿ ತಿನ್ರಿ."

ಯಜಮಾನರು ಗೋಡೆಯ ಕಡೆ ತಿರುಗಿದರು. ಅತ್ತೆ ಮಾತ್ರ ಒಂದು ಹೆಜ್ಜೆ ಮುಂದೆ ಬಂದು ಬಹಳ ಗಂಭೀರವಾಗಿ ಕೇಳಿದರು: "ಕಟಕ್ ರೊಟ್ಟಿಯೋ, ಮೆತ್ತಂದೋ?"

"ಮೊದಲ ಮೆತ್ತಂದ್ರೀ ಆಯಿ."

ದಾರಿಯಲ್ಲಿ ಮರೆಯದೆ ಗಿಲಕಿ ಕೊಂಡೆ.

ಸಂಜೆ ಅತ್ತೆ ರೊಟ್ಟಿಯ ಕಲ್ಲನ್ನು ತೊಳೆದು ತಂದಿಟ್ಟರು. ನಾನು ಬಡಿಯುತ್ತೇನೆ ಎಂದೆ, ತಾವೇ ಎಂದು ಅವರು ಹಟ ಹಿಡಿದರು. ಕೊನೆಗೆ ಅವರು ಹಿಟ್ಟು ನಾದಿ ಕೊಟ್ಟರು, ನಾನು ಬಡಿದೆ. ಕೈ ಮರೆತಿರಲಿಲ್ಲ. ತಟ್‌ತಟ್ ಎಂದು ಸದ್ದು ಎದ್ದಾಗ ಶೈಲಾ ಆಟ ಬಿಟ್ಟು ಓಡಿ ಬಂದಳು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅತ್ತೆ ಅದಕ್ಕೆ ಬೆಣ್ಣೆ ಸವರಿ, ಎರಡು ಬೆರಳಿನಷ್ಟು ಚೂರು ಮುರಿದು, ನನ್ನ ಬಾಯಿಗೆ ತಾವೇ ಇಟ್ಟರು.

ಅಗಿದೆ. ಸುಟ್ಟ ಜೋಳದ ಆ ಸಿಹಿ! ಯಾರೂ ಉಸಿರಾಡಲಿಲ್ಲ, ಹಗೇವಿನ ಬಾಯಿಯ ಸುತ್ತ ಬಾಗಿದವರ ಹಾಗೆ ಮೂವರೂ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದರು. ನುಂಗಿದೆ. ಎದೆಯ ನಡುವೆ ಆ ಹಳೆಯ ಜಾಗದಲ್ಲಿ ಅದು ಒಂದು ಕ್ಷಣ ನಿಂತಿತು. ಆಮೇಲೆ, ತನ್ನಷ್ಟಕ್ಕೆ ತಾನೇ, ಇಳಿದುಹೋಯಿತು.

"ಹೋತೇನ್ ಬೇ?"

"ಹೋತ್ರಿ ಅತ್ತಿ."

ಅತ್ತೆ ಇನ್ನೊಂದು ಚೂರು ಮುರಿದರು. ಆಮೇಲೆ ತಮ್ಮ ಬಾಯಿಗೂ ಒಂದು ಹಾಕಿಕೊಂಡು ಕಣ್ಣು ಮುಚ್ಚಿ ಅಗಿಯತೊಡಗಿದರು. ಯಜಮಾನರು ತಾಟು ಹಿಡಿದು ಒಲೆಯ ಬದಿಗೇ ಕೂತರು. ಹಿಟ್ಟು ಮುಗಿಯುವವರೆಗೂ ನಾನು ಬಡಿದೆ.

ಕೈ ತೊಳೆದು ಹಿತ್ತಲಿಗೆ ಹೋದಾಗ ಗೋಡೆಯ ಆಚೆ ರೇಣುಕಾ ಅಳುವ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅತ್ತಿಂದಿತ್ತ ಅಡ್ಡಾಡುತ್ತಿದ್ದಳು. ಗಿಲಕಿ ಕೊಟ್ಟೆ. ಅದನ್ನು ಕೂಸಿನ ಮುಖದ ಮುಂದೆ ಆಡಿಸುತ್ತ, ನನ್ನ ಕಡೆ ಸರಿಯಾಗಿ ನೋಡದೆಯೇ ಹೇಳಿದಳು:

"ನೀವೂ ರೊಟ್ಟಿ ಬಡೀತೀರೇನ್ರಿ ಅಕ್ಕಾರ? ನಾ ನಿಮ್ಮನ್ನ ಅನ್ನಾ ಉಣ್ಣೂ ಮಂದಿ ಅಂತ ತಿಳಿದಿದ್ದೆ. ಆ ಸಪ್ಪಳಕ್ಕ ನೋಡ್ರಿ, ಈಗಷ್ಟ ಮಲಗಿದ ಕೂಸು ಎದ್ದು ಕುಂತೈತಿ. ಇನ್ನ ದಿನಾ ಹಿಂಗ ಬಡಿಯೂದಾದ್ರ, ನಾ ಇದನ್ನ ಮಲಗಸೂ ಹೊತ್ತು ಬದಲ್ ಮಾಡಬೇಕು."